‘ವೆರಿ’ಗಿಂತ ದೊಡ್ಡ ಮಾತು

“ವಸ್ತಾದರೇ, ಇಂಗ್ಲಿಷಿನಲ್ಲಿ ‘ವೆರಿ’ಗಿಂತ ದೊಡ್ಡ ಮಾತು ಯಾವುದು?”

ಹೀಗೆ ಕೇಳಿದವನು ಗರಡಿಯಲ್ಲಿ ನನ್ನ ಶಿಷ್ಯನಾದ ಯಮನೂರ. ಮರುದಿನ ಪಟ್ಟಣದಲ್ಲಿ ಕುಸ್ತಿ ಇತ್ತು. ಪರದೇಶದ ಅತಿಥಿಗಳು ಬರುವವರಿದ್ದರು. ನಮ್ಮ ಗರಡಿಯ ಭರಮಪ್ಪ ಆ ಕಣದಲ್ಲಿ ಮೊದಲ ಸಲ ಕುಸ್ತಿಗೆ ಜೋಡಿ ಹುಡುಕಬೇಕಿತ್ತು; ಅವನನ್ನು ಇಂಗ್ಲಿಷಿನಲ್ಲಿ ಹೊಗಳಿ ಪರಿಚಯಿಸುವ ಕೆಲಸ ಯಮನೂರನ ಪಾಲಿಗೆ ಬಂದಿತ್ತು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಮೆಟ್ಟಿಲು ಹತ್ತಿದವರು ನನ್ನನ್ನು ಕೇಳಲು ಬರುತ್ತಾರೆ. ಹೇಳಿದೆ: “‘ವೆರಿ’ ಅಂದರೆ ಕಾಲಾಳು. ‘ರಿಯಲಿ’ ಕುದುರೆ. ‘ಎಕ್ಸ್‌ಟ್ರೀಮ್ಲಿ’ ಆನೆ. ‘ಟೆರಿಬ್ಲಿ’ ಮದವೇರಿದ ಆನೆ. ‘ಅಬ್ಸೊಲ್ಯೂಟ್ಲಿ’ ಬಂತೆಂದರೆ ಅದರಾಚೆ ಸೈನ್ಯವೇ ಇಲ್ಲ, ಬರೀ ಬಯಲು.”

“ಅಬ್ಬಬ್ಬಾ! ಹಾಗಾದರೆ ಭರಮನಿಗೆ ಐದೂ ಹಾಕಿಬಿಡ್ತೀನಿ.”

“ಹಾಕುವ ಮೊದಲು ಒಂದು ಕತೆ ಕೇಳು. ನಾನು ಕಣ್ಣಾರೆ ಕಂಡದ್ದು.”

“ಹುಲಿ ನಿಮಗೆ ನಮಸ್ಕಾರ ಮಾಡಿದ್ದೂ ನೀವು ಕಣ್ಣಾರೆ ಕಂಡದ್ದೇ ಅಲ್ಲವೇನ್ರಿ?”

“ಮಾಡಿದ್ದು ನಿಜ. ಸುಮ್ಮನೆ ಕೂತು ಕೇಳು” ಎಂದೆ. ಕೂತ. ಹೇಳತೊಡಗಿದೆ.

ಒಂದು ಊರಿನಲ್ಲಿ ಒಬ್ಬ ಕೂಗುವವನಿದ್ದ. ಕುಸ್ತಿಯ ಕಣದಲ್ಲಿ ಜಟ್ಟಿಗಳನ್ನು ಕೂಗಿ ಹೊಗಳುವುದು ಅವನ ಕಸುಬು. ಅವನು ‘ಹೋ’ ಎಂದರೆ ಮೂರು ಊರಾಚೆ ನೀರು ಕುಡಿಯುತ್ತಿದ್ದ ಎತ್ತು ತಲೆ ಎತ್ತುತ್ತಿತ್ತು. ಆ ಊರಿನ ಹತ್ತಿ ಗಿರಣಿಯ ದೊರೆ ಇಂಗ್ಲಿಷರವನು, ಕುಸ್ತಿಯ ಹುಚ್ಚಿನವನು. ಅವನಿಗೂ ತಿಳಿಯಲೆಂದು ಕೂಗುವವನು ದೊರೆಯ ಅಡುಗೆಯವನಿಂದ ಈ ಐದು ಮಾತು ಕಲಿತ. ಒಂದೊಂದನ್ನೂ ಇಂಗ್ಲಿಷಿನಲ್ಲಿ ಕೂಗಿ, ಜನಕ್ಕೆಂದು ಕೂಡಲೇ ಕನ್ನಡದಲ್ಲಿ ಬಿಡಿಸುತ್ತಿದ್ದ. ನನಗೆ ಈ ವಿದ್ಯೆ ಹತ್ತಿದ್ದು ಅಲ್ಲಿಯೇ, ಒಮ್ಮೆ ಕೇಳಿದ್ದಕ್ಕೆ.

ಒಂದು ವರ್ಷ ಆ ಕಣಕ್ಕೆ ದೂರದಿಂದ ಒಬ್ಬ ಜಟ್ಟಿ ಬಂದ. ಅಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ. ಕಳಿಸುವಾಗ ಅವನ ಗುರು ಒಂದೇ ಮಾತು ಹೇಳಿದ್ದ: “ಗೆದ್ದಾದರೂ ಬಾ, ಸೋತಾದರೂ ಬಾ. ಆ ಕಣದ ಮಣ್ಣು ಮೈಗೆ ಹತ್ತದೆ ಮಾತ್ರ ಬರಬೇಡ.”

ಕಣದ ಪದ್ಧತಿ ಹೀಗಿತ್ತು. ಜೋಡಿ ಇಲ್ಲದ ಜಟ್ಟಿ ಬಲಗೈ ಮೇಲೆತ್ತಿ, ಹಲಗೆಯ ಬಡಿತಕ್ಕೆ ಕಣದ ಸುತ್ತ ನಡೆಯಬೇಕು. ಕೂಗುವವನು ಮುಂದೆ ನಡೆದು ಅವನನ್ನು ಹೊಗಳಬೇಕು. ಯಾರಾದರೂ ಎದ್ದು ಬಂದು ಆ ಕೈ ಹಿಡಿದರೆ ಕುಸ್ತಿ ಗೊತ್ತಾಯಿತು. ಹೊತ್ತು ಮುಳುಗುವವರೆಗೆ ಯಾರೂ ಹಿಡಿಯದಿದ್ದರೆ ಹಲಗೆ ನಿಲ್ಲುತ್ತದೆ. ಜಟ್ಟಿ ಒಣಮೈಯಲ್ಲಿ ಊರಿಗೆ ಮರಳುತ್ತಾನೆ.

ಆ ದಿನ ಬೆಳಿಗ್ಗೆ ಕೂಗುವವನು ಈ ಜಟ್ಟಿಯ ಸಾಮು ನೋಡಿದ್ದ. ಅವನು ಬಸ್ಕಿ ಹೊಡೆದರೆ ಪಕ್ಕದ ಬಾವಿಯ ನೀರು ತುಳುಕುತ್ತಿತ್ತು. ಅವನ ಬೆವರು ಬಿದ್ದಲ್ಲಿ ಜೋಳ ಬೆಳೆಯಿತು ಎನ್ನುವವರಿದ್ದಾರೆ, ಅದು ಉತ್ಪ್ರೇಕ್ಷೆ. ನಾನು ಮೊಳಕೆಯನ್ನಷ್ಟೇ ನೋಡಿದೆ, ತೆನೆ ನೋಡಲಿಲ್ಲ. ಕೂಗುವವನಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಇಂಥವನನ್ನು ಲೋಕಕ್ಕೆ ತೋರಿಸದಿದ್ದರೆ ನನಗೆ ಗಂಟಲು ಯಾತಕ್ಕೆ ಎಂದುಕೊಂಡ.

ಹಲಗೆ ಬಡಿಯಿತು. ಜಟ್ಟಿ ಕೈ ಎತ್ತಿದ.

“ವೆರಿ ಸ್ಟ್ರಾಂಗ್! ಬಲು ಗಟ್ಟಿಗ!”

ಕಟ್ಟೆಯ ಮೇಲೆ ಲಂಗೋಟಿ ಬಿಗಿದು ಕೂತಿದ್ದ ಇಬ್ಬರು ಏಳಲು ಹೊರಟಿದ್ದರು. ಇದನ್ನು ಕೇಳಿ ಮತ್ತೆ ಕೂತರು. ಸುತ್ತು ಮುಗಿಯಿತು, ಕೈ ಹಿಡಿಯಲು ಯಾರೂ ಬರಲಿಲ್ಲ. ಹೊಗಳಿದ್ದು ಸಾಲಲಿಲ್ಲ ಎಂದು ಕೂಗುವವನಿಗೆ ಅನಿಸಿತು.

“ರಿಯಲಿ ಸ್ಟ್ರಾಂಗ್! ನಿಜಕ್ಕೂ ಗಟ್ಟಿಗ! ಎಕ್ಸ್‌ಟ್ರೀಮ್ಲಿ ಸ್ಟ್ರಾಂಗ್! ಎಲ್ಲೆ ಮೀರಿದ ಬಲ!”

ಕೂತಿದ್ದವರು ಅಂಗಿ ತೊಟ್ಟುಕೊಂಡರು. “ಯಾಕೋ, ಏಳೋದಿಲ್ಲೇನು?” ಎಂದು ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ. “ನನಗೆ ಹೆಂಡರು ಮಕ್ಕಳಿದ್ದಾರಪ್ಪಾ. ನಿನಗಾದರೆ ಅಳುವವರು ಯಾರೂ ಇಲ್ಲ, ನೀನೇ ಏಳು” ಎಂದ ಅವನು. ಇಬ್ಬರೂ ಏಳಲಿಲ್ಲ. ಕೂಗುವವನು ಉಸಿರು ತುಂಬಿಕೊಂಡ. ತನ್ನಲ್ಲಿದ್ದ ದೊಡ್ಡ ಮಾತುಗಳನ್ನೆಲ್ಲ ಹೊರತೆಗೆದ.

“ಟೆರಿಬ್ಲಿ! ಅಬ್ಸೊಲ್ಯೂಟ್ಲಿ! ನೋಡಿದರೆ ನಡುಕ ಹುಟ್ಟಿಸುವ ಬಲ! ಇದರಾಚೆ ಇನ್ನೇನೂ ಇಲ್ಲ!”

ದೊರೆ ಚಪ್ಪಾಳೆ ತಟ್ಟಿದ. ಜನವೂ ತಟ್ಟಿತು. ತಟ್ಟುತ್ತಲೇ ಕಣದ ಅಂಚಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು.

ಎತ್ತಿದ ಕೈ ಎತ್ತಿದಂತೆಯೇ ಇತ್ತು. ಮೈಗೆ ಒಂದು ಚೂರು ಮಣ್ಣೂ ಹತ್ತಿರಲಿಲ್ಲ. ಹಲಗೆಯವನು ಪಡುವಣದತ್ತ ನೋಡಿ ಬಡಿತ ನಿಧಾನ ಮಾಡಿದ.

ಆಗ ಜಟ್ಟಿ ನಿಂತ. ಕೂಗುವವನ ಹೆಗಲು ಮುಟ್ಟಿ ಹೇಳಿದ: “ಅಣ್ಣಾ, ನಿನ್ನ ಋಣ ನಾನು ತೀರಿಸಲಾರೆ. ಇನ್ನು ಸಾಕು. ನನ್ನ ಹೆಸರು ಹೇಳು, ನನ್ನ ಊರು ಹೇಳು.”

“ಅಷ್ಟೇನಾ? ಅದರಲ್ಲಿ ಏನಿದೆಯೋ ತಮ್ಮಾ?”

“ನಾನಿದ್ದೀನಲ್ಲ.”

ಕೂಗುವವನಿಗೆ ಮನಸ್ಸು ಬರಲಿಲ್ಲ. ಆದರೂ ಕೂಗಿದ: “ನಿರುಪಾದಿ! ಕಲ್ಲಹೊಲದವನು!”

ಕಟ್ಟೆಯ ಕೊನೆಯಲ್ಲಿ ಇಟ್ಟಿಗೆ ಸುಡುವವನೊಬ್ಬ ಕೂತಿದ್ದ. ಅವನು ಕತ್ತು ನೀಡಿ ಕೇಳಿದ: “ಕಲ್ಲಹೊಲದ ಗರಡಿಯಲ್ಲಿ ಮಣ್ಣಿಗೆ ಎಣ್ಣೆ ಹಾಕ್ತೀರೋ, ಮಜ್ಜಿಗೆ ಹಾಕ್ತೀರೋ?”

“ಮಜ್ಜಿಗೆ.”

“ನಮ್ಮಲ್ಲೂ ಮಜ್ಜಿಗೆನೇ” ಎಂದು ಇಟ್ಟಿಗೆಯವನು ಎದ್ದ. ಅಂಗಿ ಕಳಚಿದ. ಬಂದು ಕೈ ಹಿಡಿದ.

ಆ ಕುಸ್ತಿಯನ್ನು ಹೇಳಲು ನನ್ನಂಥವನೇ ಬೇಕು. ಹಲಗೆಯವನ ಅಂಗೈ ಊದಿತು. ದೊರೆಯ ಚಹಾದಲ್ಲಿ ಮಣ್ಣು ಬಿತ್ತು; ಅವನು ಕಣದಿಂದ ಕಣ್ಣು ಕೀಳದೆ ಮಣ್ಣು ಸಮೇತ ಕುಡಿದ. ಸೂರ್ಯ ಮುಳುಗುವುದನ್ನು ಮರೆತು ಬೇವಿನ ಮರದ ಕೊಂಬೆಯ ಮೇಲೆ ಕೂತುಬಿಟ್ಟ. ಸಾಕ್ಷಿ ಬೇಕಾದವರು ಹೋಗಿ ನೋಡಬಹುದು, ಮರ ಅಲ್ಲಿಯೇ ಇದೆ. ಇಟ್ಟಿಗೆಯವನೂ ಸಾಮಾನ್ಯನಲ್ಲ, ಎರಡು ಸಲ ನಿರುಪಾದಿಯನ್ನು ಮಂಡಿಗೆ ತಂದ. ಕೊನೆಗೆ ನಿರುಪಾದಿ ಅವನನ್ನು ಎತ್ತಿ, ತೊಟ್ಟಿಲಲ್ಲಿ ಕೂಸನ್ನು ಮಲಗಿಸುವಷ್ಟು ಮೆಲ್ಲಗೆ, ಬೆನ್ನು ಮಣ್ಣಿಗೆ ತಾಗುವಂತೆ ಮಲಗಿಸಿದ.

ಬಿದ್ದವನು ನಗುತ್ತ ಎದ್ದ. ಒಂದು ಹಿಡಿ ಮಣ್ಣು ತೆಗೆದು ಗೆದ್ದವನ ಎದೆಗೆ ಬಳಿದ. ನಿರುಪಾದಿ ಆ ಮಣ್ಣನ್ನು ಮುಟ್ಟಿ ನೋಡಿಕೊಂಡ, ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ.

ಕೂಗುವವನು ಬಾಯಿ ತೆರೆದ. ಆನೆ ಬರಲಿಲ್ಲ, ಕುದುರೆಯೂ ಬರಲಿಲ್ಲ. “ನಿರುಪಾದಿ!” ಎಂದಷ್ಟೇ ಕೂಗಿದ. ಕಣದ ಜನವೆಲ್ಲ ಅದನ್ನೇ ಕೂಗಿತು. ದೊರೆ ಎದ್ದು ನಿಂತು ಟೋಪಿ ತೆಗೆದ.

ಕತೆ ಮುಗಿದ ಮೇಲೂ ಯಮನೂರನಿಗೆ ಸಮಾಧಾನವಾಗಲಿಲ್ಲ. “ಆ ಕೂಗುವವನ ತಪ್ಪೇನು, ವಸ್ತಾದರೇ? ಜಟ್ಟಿ ಅಷ್ಟು ಬಲವಂತನೇ ಆಗಿದ್ದನಲ್ಲ. ಅವನೇನು ಸುಳ್ಳು ಹೇಳಿದನೇ?” ಎಂದು ಕೇಳಿದ.

ಅಂಗಳದಲ್ಲಿ ಭರಮಪ್ಪ ನಾಳೆಗೆಂದು ಲಂಗೋಟಿ ಹಿಂಡಿ ಹಗ್ಗದ ಮೇಲೆ ಹರವುತ್ತಿದ್ದ. ಯಮನೂರ ಅವನತ್ತ ನೋಡುವವರೆಗೆ ನಾನು ಕಾದೆ. ಆಮೇಲೆ ಹೇಳಿದೆ:

“ಸುಳ್ಳು ಹೇಳಲಿಲ್ಲ ಮಗಾ, ಹೊಗಳಿ ಹೊಗಳಿ ಆ ಮನುಷ್ಯನನ್ನು ಒಬ್ಬಂಟಿ ಮಾಡಿದ.”