ಕಂಚುಗಾರ ಹೂಂ ಅಂದದ್ದು

“ಗುರುಗಳೇ, ನಿಯಮ ಮುರಿದವನ ಮನಸ್ಸನ್ನೂ ನೋಡಬೇಕೆ? ಮುರಿದದ್ದು ಕಂಡರೆ ಸಾಲದೆ?”

ಕೇಳಿದವನು ನಾಗರಸ. ಹಗಲು ಊರಿನ ನ್ಯಾಯಾಧಿಕಾರಿ, ಸಂಜೆ ಶಿಷ್ಯ. ಸೆರೆಯಿಂದ ಬಿಡುಗಡೆಯಾದವರು ಮನೆ ಬದಲಿಸಿದರೆ ಮೂರು ದಿನದೊಳಗೆ ಚಾವಡಿಗೆ ತಿಳಿಸಬೇಕು. ಒಬ್ಬ ತಿಳಿಸಿರಲಿಲ್ಲ. ಗೊತ್ತಿರಲಿಲ್ಲ ಬುದ್ಧಿ ಎಂದಿದ್ದ. ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ನಾಗರಸ ಆ ಬೆಳಿಗ್ಗೆ ಅವನನ್ನು ಮತ್ತೆ ಸೆರೆಗೆ ಕಳಿಸಿದ್ದ; ಸುದ್ದಿ ಊರಿಗೆಲ್ಲ ತಿಳಿದಿತ್ತು. ಮಧ್ಯಾಹ್ನದ ಊಟ ಯಾಕೋ ಸೇರಿರಲಿಲ್ಲ.

ಗುರು ಕಾಲು ಮಡಚಿ ಕೂತು ಹೇಳತೊಡಗಿದರು.

ಒಬ್ಬ ಕಳ್ಳನಿದ್ದ. ಹತ್ತು ವರ್ಷ ಸೆರೆಯಲ್ಲಿದ್ದ. ಅಲ್ಲಿ ಅವನಿಗೆ ತಾಮ್ರದ ಕೊಡ ಬಡಿಯುವುದನ್ನು ಕಲಿಸಿದರು. ಕಳ್ಳ ಕಂಚುಗಾರನಾದ. ಬಡಿದೂ ಬಡಿದೂ ಕಿವಿ ಅರ್ಧ ಹೋಯಿತು.

ಬಿಡುವಾಗ ಒಂದು ಷರತ್ತು ಹಾಕಿದರು. ದಿನಕ್ಕೊಮ್ಮೆ ಚಾವಡಿಯ ಗಂಟೆ ಬಾರಿಸುತ್ತಾರೆ. ಯಾವಾಗ ಎಂದು ಹೇಳುವುದಿಲ್ಲ. ಕೇಳಿದೊಡನೆ ಬಂದು ಮುಖ ತೋರಿಸಬೇಕು. ಬೇಕೆಂದೇ ತಪ್ಪಿಸಿಕೊಂಡರೆ ಮತ್ತೆ ಹತ್ತು ವರ್ಷ.

ಕಂಚುಗಾರ ಪೇಟೆಯಲ್ಲಿ ಅಂಗಡಿ ಹಾಕಿದ. ಮದುವೆಯಾದ. ಅಷ್ಟರಲ್ಲಿ ಉಳಿದರ್ಧ ಕಿವಿಯೂ ಹೋಯಿತು. ಯಾರಿಗೂ ಹೇಳಲಿಲ್ಲ. ಕೊಡ ತಟ್ಟಿ, ನಾದ ಕೇಳಿ, ಬಿರುಕು ಹಿಡಿಯುವ ಕಸುಬು ಅದು. ಕಿವುಡನಿಗೆ ಯಾರು ಕೆಲಸ ಕೊಡುತ್ತಾರೆ? ಹೆಂಡತಿಗೊಬ್ಬಳಿಗೇ ಗೊತ್ತು. ಜನ ಮಾತಾಡಿಸಿದರೆ ತುಟಿ ನೋಡಿ ಆದಷ್ಟು ಊಹಿಸಿ, ನಗುತ್ತ ಹೂಂ ಅನ್ನುತ್ತಿದ್ದ. ಬಹಳಷ್ಟು ಮಾತಿಗೆ ಅಷ್ಟೇ ಸಾಕಾಗುತ್ತದೆ.

ಗಂಟೆಗೆ ಮಾತ್ರ ಒಂದು ಉಪಾಯ ಕಂಡುಕೊಂಡಿದ್ದ. ಎದುರಿನ ಜಗಲಿಯಲ್ಲಿ ಒಂದು ಮುದಿ ನಾಯಿ ಮಲಗಿರುತ್ತಿತ್ತು. ಗಂಟೆಯ ಸದ್ದಿಗೆ ಅದು ಕತ್ತೆತ್ತಿ ಊಳಿಡುತ್ತಿತ್ತು. ನಾಯಿ ಕತ್ತೆತ್ತಿದೊಡನೆ ಇವನು ಸುತ್ತಿಗೆ ಇಟ್ಟು ಚಾವಡಿಗೆ ಓಡುತ್ತಿದ್ದ. ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ.

ಹೆಂಡತಿ ಹೆರಿಗೆಗೆಂದು ತವರಿಗೆ ಹೋದಳು. ಅದರ ಮರುವಾರ ಒಂದು ದಿನ ನಾಯಿ ಕತ್ತೆತ್ತಲೇ ಇಲ್ಲ. ಇವತ್ತು ಗಂಟೆ ತಡ ಎಂದುಕೊಂಡು ಕಂಚುಗಾರ ನೆಮ್ಮದಿಯಾಗಿ ಕೊಡ ಬಡಿಯುತ್ತ ಕೂತ.

ನಾಯಿ ಸತ್ತಿತ್ತು.

ಸಂಜೆ ತಳವಾರ ಬಂದು ಎದುರಿಗೆ ನಿಂತ. “ಏನಯ್ಯ, ಚಾವಡಿಯ ಗಂಟೆಗಿಂತ ನಿನ್ನ ಕೊಡವೇ ದೊಡ್ಡದಾಯಿತೋ?”

ಕಂಚುಗಾರ ನಗುತ್ತ ಹೂಂ ಅಂದ.

ಅಧಿಕಾರಿಯ ಮುಂದೆ ನಿಲ್ಲಿಸಿದರು. ಅಧಿಕಾರಿ ಕೆಟ್ಟವನಲ್ಲ. ತಪ್ಪಿದವನ ಮನಸ್ಸನ್ನೂ ವಿಚಾರಿಸಬೇಕು ಎಂದು ಕಟ್ಟಳೆ ಇತ್ತು; ಅದಕ್ಕಾಗಿ ಓಲೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿರುತ್ತಿದ್ದರು. ಅವನು ಓಲೆಯ ಮೇಲಿಟ್ಟ ಕಣ್ಣು ತೆಗೆಯದೆ ಕೇಳಿದ, “ಗಂಟೆ ಕೇಳಿಯೂ ಬೇಕೆಂದೇ ಬರಲಿಲ್ಲವೋ?”

ಕಂಚುಗಾರನಿಗೆ ಬಗ್ಗಿದ ಅಧಿಕಾರಿಯ ತಲೆಯ ರುಮಾಲು ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಆದರೂ ಸುತ್ತಲಿದ್ದವರೆಲ್ಲ ತನ್ನ ಕಡೆ ತಿರುಗಿದ್ದು ಕಂಡಿತು. ಏನೋ ಕೇಳಿರಬೇಕು. ಭಯದಲ್ಲಿ ಹೂಂ ಅಂದ.

ಖಾಲಿ ಸಾಲು ತುಂಬಿತು. ತೀರ್ಪು ಓದಿದರು. ಎಲ್ಲರೂ ಎದ್ದು ಹೊರಟರು. ತನ್ನನ್ನು ಯಾವಾಗ ವಿಚಾರಿಸುತ್ತಾರೋ ಎಂದು ಕಂಚುಗಾರ ಕೈಮುಗಿದುಕೊಂಡು ಅಲ್ಲೇ ನಿಂತಿದ್ದ.

ಗುರು ಕಥೆ ಮುಗಿಸಿದರು. ನಾಗರಸನಿಗೆ ಸಿಟ್ಟು ಬಂದಿತ್ತು.

“ಅವನೆಂಥ ಅಧಿಕಾರಿ ಗುರುಗಳೇ? ಒಂದು ಸಲ ತಲೆಯೆತ್ತಿ ಆ ಬಡಪಾಯಿಯ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ.”

“ಬೆಳಿಗ್ಗೆ ನೀನೊಬ್ಬನನ್ನು ಕಳಿಸಿದೆಯಲ್ಲ,” ಎಂದರು ಗುರು, “ಅವನ ಮುಖ ಹೇಗಿತ್ತು, ಹೇಳಪ್ಪ.”