ಸೊಟ್ಟ ನವಿಲು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಸಂಜೆ ನಾಲ್ಕೂವರೆ ಆಯಿತೆಂದರೆ ಧ್ಯಾನ-ಗೀನ ಎಲ್ಲ ಬಂದ್. ಶಾಲೆ ಬಿಟ್ಟ ಮಕ್ಕಳು ಪಾಟಿಚೀಲ ಎಸೆದು ಪಡಸಾಲೆಗೆ ನುಗ್ಗುತ್ತಿದ್ದರು. ಹಿಂದೆಯೇ ಊರಿನ ಮುದುಕ-ಮುದುಕಿಯರು. ಎಲ್ಲರಿಗೂ ಒಂದೇ ಪಾಠ, ಕಸೂತಿ.

ಪಾಠ ಶುರುಮಾಡಿದವರು ಗುರು ನೀಲಗಂಗಮ್ಮ ತಾಯಿ. ನಡೆಸುತ್ತಿದ್ದವಳು ಶಿಷ್ಯೆ ವಿಶಾಲಾಕ್ಷಿ.

ತಾಯಿಯ ನಿಯಮ ಒಂದೇ. ಒಂದು ಮಗು, ಒಬ್ಬ ಹಿರಿಯರು, ಇಬ್ಬರೂ ಸೇರಿ ಒಂದು ಚಿತ್ರ. ಮಗು ಬಟ್ಟೆಯ ನಾಲ್ಕು ನಾಲ್ಕು ಎಳೆ ಎಣಿಸಿ, ಒಂದು ಹೊಲಿಗೆ ಹಾಕಿ ಒಂದು ಬಿಟ್ಟು, ಮುಂದೆ ಹೋಗಬೇಕು. ಹಿರಿಯರು ಅದೇ ತೂತುಗಳಲ್ಲಿ ಸೂಜಿ ಹಾಯಿಸಿ, ಬಿಟ್ಟ ಜಾಗ ತುಂಬುತ್ತ ಹಿಂದೆ ಬರಬೇಕು. ಮುಗಿದ ಮೇಲೆ ಯಾವುದು ಯಾರ ಹೊಲಿಗೆ ಅಂತ ಬ್ರಹ್ಮನಿಗೂ ತಿಳಿಯದು.

ಆ ವರ್ಷ ಶಾಲೆಯ ಹೊಸ ಸಭಾಂಗಣಕ್ಕೆ ದೊಡ್ಡ ಪರದೆಯೊಂದನ್ನು ಹೊಲಿಯುತ್ತಿದ್ದರು. ಸೋಮವಾರ ಉದ್ಘಾಟನೆ. ಆನೆ ಬಂತು, ತೊಟ್ಟಿಲು ಬಂತು, ಎಲ್ಲ ನೆಟ್ಟಗೆ. ನವಿಲು ಮಾತ್ರ ಸೊಟ್ಟ. ಕತ್ತು ಎತ್ತಲೋ, ಬಾಲ ಎತ್ತಲೋ.

ಅದು ಎಂಬತ್ತರ ಕಲ್ಲವ್ವ ಮತ್ತು ನಾಲ್ಕನೇ ಇಯತ್ತೆಯ ನೌಶೀನ್ ಸೇರಿ ಹೊಲಿದ ನವಿಲು.

‘ಮುದುಕಿಗೆ ಕಣ್ಣು ಕಾಣೂದಿಲ್ಲ, ಪಾಪ’ ಅಂದುಕೊಂಡಳು ವಿಶಾಲಾಕ್ಷಿ. ಬೆಳಿಗ್ಗೆ ಯಾರೂ ಇಲ್ಲದಾಗ ಕೂತು ನವಿಲನ್ನು ಪೂರ್ತಿ ಬಿಚ್ಚಿ, ತಾನೇ ನೆಟ್ಟಗೆ ಹೊಲಿದಳು. ಒಳ್ಳೆಯದು ಮಾಡಲು ಹೊರಟವರ ಕೈಗೆ ಕತ್ತರಿ ಸಿಗಬಾರದು ನೋಡಿ!

ಸಂಜೆ ನೌಶೀನ್ ಬಂದಳು. ನವಿಲು ನೋಡಿದಳು. ಚೀಲ ಹೆಗಲಿಗೇರಿಸಿ ಹೊರಟೇಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಕಲ್ಲವ್ವ ಬರುತ್ತಿದ್ದಳು. ಕಂಬಕ್ಕೊರಗಿ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದಳು.

“ಯಾಕಜ್ಜಿ, ಸೂಜಿ ಹಿಡಿಯೂದಿಲ್ಲೇನು?” ಕೇಳಿದಳು ವಿಶಾಲಾಕ್ಷಿ. “ಸೊಟ್ಟ ಆತಂತ ಬ್ಯಾಸರೇನು? ಬಿಡ್ರಿ, ನಾ ಸರಿ ಮಾಡೇನಿ.”

“ಸರಿ ಮಾಡೀಯೇನು?” ಮುದುಕಿ ಸಿಡುಕಿದಳು. “ನನ್ನ ಕಣ್ಣು ಮಂಜಾಗ್ಯಾವ, ಬೆರಳು ಮಂಜಾಗಿಲ್ಲ. ಎಪ್ಪತ್ತು ವರ್ಷ ಹೊಲಿದ ಕೈ ಇದು. ಆ ಕೂಸು ಒಮ್ಮೆ ನಾಕು ಎಳಿ ಎಣಸ್ತಿತ್ತು, ಒಮ್ಮೆ ಐದು. ಎಲ್ಲಾ ಗೊತ್ತಾಗ್ತಿತ್ತು ನನಗ.”

“ಮತ್ತ ತಿದ್ದಬೇಕಿತ್ತಲ್ಲ?”

“ಅದರ ಮೊದಲನೇ ನವಿಲದು! ಆಕಿ ಎಲ್ಲಿ ಹೋದ್ಲೋ ಅಲ್ಲೇ ನಾನೂ ಹೋದೆ. ನೆಟ್ಟಗ ಹೊಲಿಯೂದಕಿಂತ ಅದು ಕಷ್ಟ ಆತು ನನಗ, ಗೊತ್ತೇನು?”

ವಿಶಾಲಾಕ್ಷಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಎದ್ದು ತಾಯಿಯನ್ನು ಹುಡುಕಿಕೊಂಡು ಹೋದಳು. ತಾಯಿ ಹೊಳೆಯ ಮೆಟ್ಟಿಲ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದರು.

“ತಪ್ಪಾತ್ರಿ ತಾಯಿ. ಮುದುಕೀದು ಅಂತ ತಿಳದು ಕೂಸಿಂದು ಬಿಚ್ಚಿಬಿಟ್ಟೆ. ಆ ಹುಡುಗಿ ಇನ್ನ ಸೂಜಿ ಮುಟ್ಟೂದಿಲ್ಲೋ ಏನೋ.”

“ಮುದುಕೀದಾಗಿದ್ರ ಬಿಚ್ಚಬಹುದಿತ್ತೇನು?”

ವಿಶಾಲಾಕ್ಷಿ ಕೂತು ಮೆಂತ್ಯದ ಕಟ್ಟಿಗೆ ಕೈ ಹಾಕಿದಳು.

“ಹೋಗು,” ಅಂದರು ತಾಯಿ. “ಮೊದಲ ಹೆಂಗಿತ್ತೋ ಹಂಗ ಹೊಳ್ಳಿ ಹೊಲಿ.”

ಅವಳು ತನ್ನ ನೆಟ್ಟನೆಯ ನವಿಲನ್ನು ಬಿಚ್ಚಿದಳು. ಸೊಟ್ಟ ಹೊಲಿಯಲು ಕೂತಳು. ಕೈ ಕೇಳಬೇಕಲ್ಲ! ನಾಲ್ಕು ಎಣಿಸಿ ನಾಲ್ಕಕ್ಕೇ ಇಳಿಯುತ್ತಿತ್ತು ಸೂಜಿ. ಮತ್ತೆ ಹೊಳೆಗೆ ಬಂದಳು.

“ಬರವಲ್ದ್ರೀ ತಾಯಿ.”

“ಬರೋರನ್ನ ಕರಕೊಂಬಾ.”

ನೌಶೀನ್ ಮನೆಯ ಬಾಗಿಲಲ್ಲೇ ಸಿಕ್ಕಳು. ಒಳಗೆ ಕರೆಯಲಿಲ್ಲ.

“ನನ್ನ ನವಿಲು ಚಲೋ ಇರಲಿಲ್ಲ. ಅದಕ್ಕ ತಗದ್ರಿ ಅಲ್ಲೇನ್ರಿ ಟೀಚರ್?” ಅಂದಳು. ಕಣ್ಣು ತುಂಬಿಬಂದಿದ್ದವು.

“ನನ್ನ ತಪ್ಪವಾ ಅದು. ಈಗ ನನಗ ನಿನ್ನ ನವಿಲು ಹೊಲಿಯಾಕ ಬರವಲ್ದು. ಬಂದು ಕಲಸ್ತೀಯೇನು?”

ಟೀಚರ್‌ಗೆ ಬಾರದ್ದೂ ಇರುತ್ತದೆಯೇ? ಹುಡುಗಿ ಅವಳ ಮುಖ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು.

ಪಡಸಾಲೆಯಲ್ಲಿ ನೌಶೀನ್ ತುಟಿ ಅಲ್ಲಾಡಿಸಿ ಎಳೆ ಎಣಿಸುತ್ತ ನವಿಲಿನ ಬಾಲದಿಂದ ಕೊಕ್ಕಿನವರೆಗೆ ಹೊಲಿದು ಮುಗಿಸಿದಳು. ಕಲ್ಲವ್ವ ಸೂಜಿ ಇಸಿದುಕೊಂಡು ವಿಶಾಲಾಕ್ಷಿಯ ಕೈಗಿಟ್ಟಳು.

“ಈ ಸಲ ಹಿಂದ ಬರೋ ಹೊಲಿಗಿ ನೀನ ಹಾಕು.”

ವಿಶಾಲಾಕ್ಷಿ ಕೊಕ್ಕಿನಿಂದ ಹಿಂದಕ್ಕೆ ಹೊಲಿಯುತ್ತ ಹೊರಟಳು. ಕತ್ತಿನ ಹತ್ತಿರ ಬಂದಾಗ ಸೂಜಿ ನಿಂತಿತು. ಅಲ್ಲಿ ಹುಡುಗಿ ನಾಲ್ಕರ ಬದಲು ಆರು ಎಳೆ ಹಾರಿಸಿ, ಸಾಲು ಬಿಟ್ಟು ಎಲ್ಲೋ ಹೋಗಿದ್ದಳು. ಸೋಮವಾರ ಊರೆಲ್ಲ ನೋಡುವ ಪರದೆ. ವಿಶಾಲಾಕ್ಷಿ ಬಟ್ಟೆಯಿಂದ ತಲೆ ಎತ್ತಿದಳು. ಪಕ್ಕದಲ್ಲಿ ಬಂದು ಕೂತಿದ್ದ ತಾಯಿಯ ಕಡೆ ಬಾಗಿ ಪಿಸುಗುಟ್ಟಿದಳು.

“ಇಲ್ಲೆ ದಾರಿ ತಪ್ಪೇತ್ರಿ ತಾಯಿ. ನಾನೂ ತಪ್ಪಲೇನು?”

“ಲಗೂನ ಹೋಗವಾ,” ಅಂದರು ತಾಯಿ. “ಅಲ್ಲೆ ಕೂಸು ಒಬ್ಬಾಕೀನ ನಿಂತಾಳ.”