ಕುಲಪತಿಯ ಶಿಲಾಫಲಕ

"ಗುರುಗಳೇ, ವಿದ್ಯಾಲಯವನ್ನು ಬೆಳೆಸಿದವನ ಹೆಸರು ಅವನ ನಂತರವೂ ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ. ಮಠದ ಕಾಲೇಜಿನ ಹೊಣೆ ಮರುದಿನ ಅವನ ಕೈಗೆ ಬರುವುದಿತ್ತು.

ಗುರುಗಳು ನಕ್ಕರು. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಇರಲಿ, ಒಂದು ಕತೆ ಕೇಳು" ಎಂದರು.

ಒಂದು ವಿಶ್ವವಿದ್ಯಾಲಯಕ್ಕೆ ಒಬ್ಬ ಕುಲಪತಿ ಬಂದ. ಆಗ ಅಲ್ಲಿ ಇದ್ದದ್ದು ಎರಡು ಹೆಂಚಿನ ಕಟ್ಟಡ. ಅವನ ಕಾಲದಲ್ಲಿ ಗುಡ್ಡದ ತನಕ ಕಟ್ಟಡಗಳೆದ್ದವು, ದೊಡ್ಡ ಕ್ರೀಡಾಂಗಣವೂ ಎದ್ದಿತು. ಅವನೇನು ಕೆಟ್ಟವನಲ್ಲ. ತನ್ನ ಸೀಮೆಯ ಮಕ್ಕಳು ನಾಲ್ಕು ಜನರೆದುರು ಗೆಲ್ಲಬೇಕೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು.

ಹಳ್ಳಿಯೊಂದರಿಂದ ಒಬ್ಬ ಕಬಡ್ಡಿ ಆಟಗಾರನನ್ನು ಕರೆತಂದು ಸೇರಿಸಿಕೊಂಡರು. ಶಾಲೆಯಲ್ಲೂ ಅವನನ್ನು ಆಟಕ್ಕಾಗಿಯೇ ಪಾಸು ಮಾಡಿ ದಾಟಿಸಿದ್ದರು. ಮೂರು ವರ್ಷ ಅವನು ಗೆದ್ದುಕೊಟ್ಟ. ತರಗತಿಯಲ್ಲಿ ಅವನ ಹಾಜರಿಯನ್ನು ಯಾರೋ ಕೂಗಿದರು, ಪರೀಕ್ಷೆಯನ್ನು ಯಾರೋ ಬರೆದರು. ಕುಲಪತಿಗೆ ಇದು ಗೊತ್ತಿತ್ತು. ಟ್ರೋಫಿ ಬಂತಲ್ಲ ಎಂದು ಸುಮ್ಮನಿದ್ದ. ಕೊನೆಯ ಪಂದ್ಯದಲ್ಲಿ ಆಟಗಾರನ ಮಂಡಿ ಮುರಿಯಿತು. ಪದವಿ ಪತ್ರವನ್ನು ಕೈಗಿತ್ತು ಅವನನ್ನು ಊರಿಗೆ ಕಳಿಸಿದರು.

ಕುಲಪತಿ ನಿವೃತ್ತನಾದ ದಿನ ಅವನ ಸಾಧನೆಗಳನ್ನು ಕೆತ್ತಿದ ಶಿಲಾಫಲಕವನ್ನು ಕ್ರೀಡಾಂಗಣದ ಬಾಗಿಲಲ್ಲಿ ನಿಲ್ಲಿಸಿದರು. ಭಾಷಣ ಮುಗಿಯಿತು, ಜನ ಊಟಕ್ಕೆ ನಡೆದರು. ಒಬ್ಬ ಮಾತ್ರ ಕುಂಟುತ್ತಾ ಬಂದು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತ. ಅದೇ ಆಟಗಾರ. ಗುರುತು ಹಿಡಿದ ಕುಲಪತಿ ಹಿಗ್ಗಿದ.

"ಪೂರ್ತಿ ಓದಿದೆಯೇನಪ್ಪಾ?"

"ನನಗ ಓದಾಕ ಬರಂಗಿಲ್ರೀ ಸರ. ಇದರಾಗ ನನ್ನ ಹೆಸರೂ ಐತೇನು, ನೀವ ನೋಡಿ ಹೇಳ್ರಿ."

ಇರಲಿಲ್ಲ. ಕುಲಪತಿ ಕಲ್ಲಿನಿಂದ ಮುಖ ತಿರುಗಿಸಿದ. "ನಾಳೆಯಿಂದ ನಮ್ಮ ಮನೆಗೆ ಬಾ. ನಾನೇ ಕಲಿಸುತ್ತೇನೆ. ಒಂದು ವರ್ಷ ಸಾಕು" ಎಂದ.

"ಮೂರು ವರ್ಷ ಇಲ್ಲೇ ಇದ್ನೆಲ್ರೀ ಸರ" ಎಂದ ಆಟಗಾರ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಕುಲಪತಿಗೆ ತಡೆಯಲಾಗದೆ ಹೋದದ್ದು ಅದೇ.

ಗುರುಗಳು ಇಷ್ಟಕ್ಕೇ ಕತೆ ನಿಲ್ಲಿಸಿದರು. ಶಿಷ್ಯನಿಗೆ ಕೇಳದೆ ಇರಲಾಗಲಿಲ್ಲ.

"ಆಮೇಲಾದರೂ ಅವನು ಓದಲು ಕಲಿತನೇ?"

"ಕಲಿಯಲು ಹೊಟ್ಟೆಪಾಡು ಬಿಡಬೇಕಲ್ಲ, ಈಗ ಆ ಕ್ರೀಡಾಂಗಣದಲ್ಲೇ ಕಾವಲಿಗಿದ್ದಾನೆ, ಕುಲಪತಿಯ ಹೆಸರು ಮಾಸದಂತೆ ಆ ಕಲ್ಲನ್ನು ದಿನವೂ ಒರೆಸುವವನು ಅವನೇ."